ಹುಸಿನೋವು ಎಂದುಕೊಂಡ ಆ ಶುಕ್ರವಾರ

ಮೊದಲ ಬಸಿರಿನಲ್ಲಿ ಆಸ್ಪತ್ರೆಯವರು ನನ್ನನ್ನು ವಾಪಸ್ ಕಳಿಸಿದ್ದರು. ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಬಿಗಿಯತೊಡಗಿತೆಂದು ಗಾಬರಿಬಿದ್ದು, ಬ್ಯಾಗು ಹೊತ್ತು, ನಾಸಿಕ್ ರೋಡಿನಿಂದ ದ್ವಾರಕಾ ಸರ್ಕಲ್ ದಾಟಿ ಊರೊಳಗೆ ಓಡಿದ್ದೆವು. ಮೂರು ಗಂಟೆ ಮಲಗಿಸಿ ನೋಡಿದ ಸಿಸ್ಟರ್, ‘ಖೋಟ್ಯಾ ಕಳಾ ಆಹೇತ್, ಘರೀ ಜಾ’ ಅಂದರು. ಅಂದರೆ ಸುಳ್ಳು ನೋವು, ಮನೆಗೆ ಹೋಗಿ. ಬಯ್ಯಲಿಲ್ಲ, ನಕ್ಕರು ಅಷ್ಟೆ. ಆ ನಗು ನನ್ನೊಳಗೆ ಉಳಿದುಬಿಟ್ಟಿತು. ನಿಜವಾದ ನೋವು ಬಂದದ್ದು ಒಂಬತ್ತು ದಿನ ಬಿಟ್ಟು.

ಎರಡನೇ ಸಲ ಹಾಗಾಗಬಾರದು ಎಂದು ತೀರ್ಮಾನಿಸಿದ್ದೆ. ಓದಿಕೊಂಡೆ. ಇಂಗ್ಲೆಂಡಿನ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಎಂಬ ವೈದ್ಯ 1872ರಲ್ಲೇ ಬರೆದಿದ್ದಾನೆ, ಗರ್ಭಕೋಶ ಬಸಿರಿನುದ್ದಕ್ಕೂ ಆಗಾಗ ಬಿಗಿದು ಸಡಿಲವಾಗುತ್ತಲೇ ಇರುತ್ತದೆ ಎಂದು. ಹುಸಿನೋವಿಗೆ ಅವನದೇ ಹೆಸರು ಅಂಟಿಕೊಂಡಿದೆ. ಅದಕ್ಕೆ ಲೆಕ್ಕ ಇಲ್ಲ, ತಾಳ ಇಲ್ಲ. ನೀರು ಕುಡಿದು, ಮೂತ್ರಕ್ಕೆ ಹೋಗಿಬಂದು, ಎಡಮಗ್ಗುಲಿಗೆ ಮಲಗಿದರೆ ಅಥವಾ ಸ್ವಲ್ಪ ಓಡಾಡಿದರೆ ಸಾಮಾನ್ಯವಾಗಿ ತಣ್ಣಗಾಗುತ್ತದೆ. ನಿಜದ ನೋವು ಏನು ಮಾಡಿದರೂ ಬಿಡದೆ, ಹತ್ತಿರ ಹತ್ತಿರ ಬರುತ್ತಾ, ಹೆಚ್ಚು ಹೊತ್ತು ನಿಲ್ಲುತ್ತಾ, ಜೋರಾಗುತ್ತಾ ಹೋಗುತ್ತದೆ. ಐದು ನಿಮಿಷಕ್ಕೊಮ್ಮೆ ಬಂದು, ಪ್ರತಿಸಲ ಒಂದು ನಿಮಿಷ ನಿಂತು, ಒಂದು ಗಂಟೆ ಹೀಗೇ ನಡೆದರೆ ಹೊರಡಬೇಕು. ಐದು, ಒಂದು, ಒಂದು. ಸಾಫ್ಟ್‌ವೇರ್‌ನವಳಿಗೆ ಇದಕ್ಕಿಂತ ಚೆಂದದ ಸೂತ್ರ ಬೇಕೆ?

ಅಂದು ಶುಕ್ರವಾರ. ನನಗೆ 33 ವಾರ 4 ದಿನ. ಗಂಡ ಓಝರ್‌ನ ಎಚ್‌ಎಎಲ್‌ನಲ್ಲಿ ಶಿಫ್ಟಿಗೆ ಹೋಗಿದ್ದರು. (ಓಝರ್‌ನಲ್ಲಿ ಕೆಲಸ, ನಾಸಿಕ್ ರೋಡಿನಲ್ಲಿ ಮನೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಮುಂಬೈ ಆಫೀಸಿಗೆ ಹೋಗುವ ದಿನ ನನಗೆ ಪಂಚವಟಿ ಎಕ್ಸ್‌ಪ್ರೆಸ್ ಬೇಕಿತ್ತು, ಅದಕ್ಕೆ.) ಮನೆಯಲ್ಲಿ ಮಗಳು, ಮತ್ತೆ ಹದಿನೈದು ದಿನದ ಹಿಂದೆ ಬೈಲಹೊಂಗಲದಿಂದ ಬಂದಿದ್ದ ಅತ್ತೆ. ಬೆಳಗಾವಿಯಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತಿ ಮನ್ಮಾಡಿನಲ್ಲಿ ಇಳಿದು ಬಂದಿದ್ದರು, ಒಂದು ಚೀಲ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಸಮೇತ.

ಮಧ್ಯಾಹ್ನ ಎರಡೂವರೆಗೆ ಮೀಟಿಂಗ್ ನಡುವೆ ಹೊಟ್ಟೆ ಗಟ್ಟಿಯಾಯಿತು. ನೋವೆನ್ನುವಷ್ಟೂ ಇಲ್ಲ, ಸೊಂಟದಲ್ಲಿ ಏನೋ ಭಾರ. ಮತ್ತೆ ಬಂತು. ಎಕ್ಸೆಲ್ ತೆರೆದು ಬರೆಯತೊಡಗಿದೆ. ಮೊದಲ ಅರ್ಧ ಗಂಟೆ ತಪ್ಪಾಗಿಯೇ ಬರೆದೆ. ಒಂದು ಬಿಗಿತ ಮುಗಿದಲ್ಲಿಂದ ಇನ್ನೊಂದು ಶುರುವಾಗುವವರೆಗಿನ ಬಿಡುವನ್ನು ಅಳೆಯುತ್ತಿದ್ದೆ. ಅಳೆಯಬೇಕಾದ್ದು ಶುರುವಿನಿಂದ ಶುರುವಿಗೆ. ಬಿಗಿತ ಎಷ್ಟು ಸೆಕೆಂಡು ನಿಂತಿತು ಎಂಬುದು ಬೇರೆ ಲೆಕ್ಕ. ತಿದ್ದಿಕೊಂಡೆ. ಒಂಬತ್ತು ನಿಮಿಷ, ನಲವತ್ತು ಸೆಕೆಂಡು. ಎಂಟು ನಿಮಿಷ, ಮೂವತ್ತೈದು ಸೆಕೆಂಡು. ಮತ್ತೆ ಒಂಬತ್ತು. ನೀರು ಕುಡಿದೆ, ಮಲಗಿದೆ. ನಿಲ್ಲಲಿಲ್ಲ. ಆದರೂ ಐದು ಆಗಿಲ್ಲವಲ್ಲ ಎಂದು ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂತೆ. ನಿಜ ಹೇಳಬೇಕೆಂದರೆ ಆ ಸಿಸ್ಟರ್ ನಗು ನೆನಪಾಗುತ್ತಿತ್ತು.

ಐದು ಗಂಟೆಗೆ ಪಕ್ಕದ ಮನೆಯ ಮಾವಶಿ ಕೊತ್ತಂಬರಿ ಕೇಳಲು ಬಂದವರು ನನ್ನ ಮುಖ ನೋಡಿ, ‘ಕಂಬರ್ ದುಖ್ತೇ ಕಾ?’ ಅಂದರು. ಸೊಂಟ ನೋಯ್ತಿದೆಯಾ? ಹೌದೆಂದೆ. ಅವರು ಅತ್ತೆಯ ಕಡೆ ನೋಡಿದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಅರ್ಧಂಬರ್ಧ. ಅತ್ತೆ ಬಂದು ಹೊಟ್ಟೆ ಮೇಲೆ ಕೈಯಿಟ್ಟು ಕೂತರು. ನಾನು ಸೂತ್ರ ವಿವರಿಸಿದೆ.

‘ಎಷ್ಟು ನಿಮಿಷ ಅಂತ ಆಮ್ಯಾಲ ನೋಡುವಿಯಂತ. ಇದು ಯಾವ ತಿಂಗಳ ಅನ್ನೂದನ್ನ ಮೊದಲ ನೋಡವಾ. ಬ್ಯಾನಿ ಬರೂ ದಿನಾ ಏನು ಇದು? ಏಳು.’

ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಐದು-ಒಂದು-ಒಂದು ದಿನ ತುಂಬಿದವರ ಸೂತ್ರ. 37 ವಾರಕ್ಕೆ ಮೊದಲು ತಾಳಬದ್ಧವಾಗಿ ಬರುವ ಬಿಗಿತಕ್ಕೆ ಅದು ಅನ್ವಯಿಸುವುದಿಲ್ಲ. ಆಗ ಹತ್ತು ನಿಮಿಷಕ್ಕೊಮ್ಮೆ ಬಂದರೂ, ನೋವೇ ಇಲ್ಲದೆ ಬರೀ ಸೊಂಟ ಎಳೆದರೂ ಕಾಯುವಂತಿಲ್ಲ. ರಕ್ತ ಹೋದರೆ, ನೀರು ಸೋರಿದರೆ, ಮಗುವಿನ ಓಡಾಟ ಕಡಿಮೆಯಾದರೆ ಎಷ್ಟು ವಾರವಾಗಿದ್ದರೂ ಗಡಿಯಾರ ನೋಡದೆ ಹೊರಡಬೇಕು.

ಮಗಳನ್ನು ಮಾವಶಿ ಇಟ್ಟುಕೊಂಡರು. ಅವರ ಮಗ ಕಾರು ತೆಗೆದ. ಸಂಜೆ ಆರರ ದ್ವಾರಕಾ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಪುಣೆ ರಸ್ತೆಯೂ ಮುಂಬೈ-ಆಗ್ರಾ ರಸ್ತೆಯೂ ಅಲ್ಲೇ ಡಿಕ್ಕಿ ಹೊಡೆಯುತ್ತವೆ. ದಾರಿಯುದ್ದಕ್ಕೂ ಅತ್ತೆ ನನ್ನ ಕೈ ಹಿಡಿದಿದ್ದರು, ಮಾತಿಲ್ಲ. ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತು ನಮ್ಮ ಕಡೆ ಇದೆ. ಅವರು ಅದನ್ನೇ ಯೋಚಿಸುತ್ತಿದ್ದರೆಂದು ಆಮೇಲೆ ಒಪ್ಪಿಕೊಂಡರು. ಅದು ಸುಳ್ಳು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ.

ಆಸ್ಪತ್ರೆಯ ಸಿಸ್ಟರ್ ನನ್ನ ಪಟ್ಟಿಯನ್ನು ಪಕ್ಕಕ್ಕಿಟ್ಟರು. ಹೊಟ್ಟೆಯ ಮೇಲ್ಭಾಗಕ್ಕೆ ಅಂಗೈ ಒತ್ತಿ, ಗೋಡೆ ಗಡಿಯಾರ ನೋಡುತ್ತಾ ಹತ್ತು ನಿಮಿಷ ನಿಂತರು. ಹತ್ತು ನಿಮಿಷದಲ್ಲಿ ಎಷ್ಟು ಸಲ, ಒಂದೊಂದು ಎಷ್ಟು ಸೆಕೆಂಡು, ಇದು ಅವರ ಲೆಕ್ಕ. ಗಟ್ಟಿತನಕ್ಕೂ ಅವರದೊಂದು ಅಳತೆಯಿದೆ, ಮನೆಯಲ್ಲೂ ನೋಡಬಹುದಾದ್ದು. ಒತ್ತಿದರೆ ಮೂಗಿನ ತುದಿಯಂತೆ ತಗ್ಗಿದರೆ ಹಗುರ, ಗಲ್ಲದಂತಿದ್ದರೆ ಮಧ್ಯಮ, ಹಣೆಯಂತಿದ್ದರೆ ಜೋರು. ನನ್ನದು ಗಲ್ಲ. ಡಾಕ್ಟರ್ ಪರೀಕ್ಷಿಸಿದರು. ಗರ್ಭಕೋಶದ ಬಾಯಿ ತೆರೆಯತೊಡಗಿತ್ತು. ಮೂತ್ರದ ಸೋಂಕಿನಿಂದಲೂ ಹೀಗಾಗಬಹುದೆಂದು ಅದನ್ನೂ ಪರೀಕ್ಷೆಗೆ ಕಳಿಸಿದರು.

ಬಿಗಿತ ತಡೆಯಲು ಮಾತ್ರೆ, ಜೊತೆಗೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್, ಹನ್ನೆರಡು ಗಂಟೆಗೊಂದರಂತೆ ನಾಲ್ಕು. ಇದು ಮಗುವಿನ ಶ್ವಾಸಕೋಶ ಬೇಗ ಬಲಿಯಲೆಂದು ತಾಯಿಗೆ ಕೊಡುವ ಸ್ಟೀರಾಯ್ಡ್. ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ ಇದರ ಸುಳಿವು ಕಂಡದ್ದು ಕುರಿಗಳಲ್ಲಿ. ದಿನ ತುಂಬದೆ ಹುಟ್ಟಿದ ಕುರಿಮರಿ ಬದುಕಬಾರದಷ್ಟು ಹೊತ್ತು ಉಸಿರಾಡಿತ್ತು. ರಾಸ್ ಹೌವಿ ಜೊತೆ ಸೇರಿ ಬಸುರಿಯರಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದ, ಬ್ರಾಕ್ಸ್‌ಟನ್ ಹಿಕ್ಸ್ ಬರೆದು ಸರಿಯಾಗಿ ನೂರು ವರ್ಷಕ್ಕೆ. ನಮ್ಮ ಸರ್ಕಾರ 2014ರಲ್ಲಿ ಇದರ ಮಾರ್ಗಸೂಚಿ ಹೊರಡಿಸಿತು. ಆದರೆ ಈ ಔಷಧಿ ಕೆಲಸ ಮಾಡಲು ಸಮಯ ಬೇಕು, ಹೆರಿಗೆಗೆ ಒಂದೆರಡು ದಿನ ಮೊದಲೇ ಒಳಗೆ ಹೋಗಿರಬೇಕು. ಎಕ್ಸೆಲ್ ಮುಂದೆ ನಾನು ಕಳೆದದ್ದು ಆ ಸಮಯದಿಂದಲೇ ಎರಡೂವರೆ ಗಂಟೆ.

ಮಾತ್ರೆ ನಾಲ್ಕು ದಿನ ತಡೆಯಿತು. ಮಂಗಳವಾರ ರಾತ್ರಿ ಮಗ ಹುಟ್ಟಿದ, ಎರಡು ಕೆಜಿ ನೂರು ಗ್ರಾಂ. ಹನ್ನೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದ, ಉಸಿರಾಟಕ್ಕೆ ಯಂತ್ರ ಬೇಕಾಗಲಿಲ್ಲ. ಈಗ ನಾಲ್ಕು ವರ್ಷ. ಮರಾಠಿಯಲ್ಲಿ ಜಗಳ, ಅಜ್ಜಿಯ ಜೊತೆ ಬೈಲಹೊಂಗಲದ ಕನ್ನಡ.

ಕಳೆದ ತಿಂಗಳು ನಮ್ಮ ಟೀಮಿನ ಹುಬ್ಬಳ್ಳಿಯ ಹುಡುಗಿ ಆ್ಯಪ್‌ನ ಸ್ಕ್ರೀನ್‌ಶಾಟ್ ಕಳಿಸಿ, ‘ಅಕ್ಕಾ, ಹತ್ತು ನಿಮಿಷಕ್ಕೊಮ್ಮೆ ಬರ್ತಿದೆ, ಇನ್ನೂ ಕಾಯಲಾ?’ ಅಂದಳು. ಎಷ್ಟು ವಾರ ಎಂದು ಕೇಳಿದೆ. 35. ಫೋನ್ ಇಟ್ಟು ಹೊರಡು, ಗಾಡಿ ಸಿಗದಿದ್ದರೆ 108ಕ್ಕೆ ಕರೆ ಮಾಡು ಅಂದೆ. ರಾತ್ರಿ ಒಂದು ಗಂಟೆಗೆ ಮೆಸೇಜ್ ಬಂತು. ಹುಸಿನೋವಂತೆ, ವಾಪಸ್ ಕಳಿಸಿದರಂತೆ, ತುಂಬಾ ನಾಚಿಕೆಯಾಯಿತಂತೆ.

ನಾಳೆ ಮತ್ತೆ ಬಂದರೆ ಮತ್ತೆ ಹೋಗು ಎಂದು ಬರೆದೆ.