ವಿಮಾ ಪರಿಹಾರ: ಸರ್ವೇಯರ್ ಬರುವ ಮುನ್ನವೇ ಆಗಬೇಕಾದ ಕೆಲಸ

2021ರ ಸೆಪ್ಟೆಂಬರ್ 23ರಂದು ಚಾಮರಾಜಪೇಟೆಗೆ ಸಮೀಪದ ನ್ಯೂ ತರಗುಪೇಟೆಯ ಸರಕು ಸಾಗಣೆ ಗೋದಾಮೊಂದರಲ್ಲಿ ಇರಿಸಿದ್ದ ಪಟಾಕಿ ಸ್ಫೋಟಗೊಂಡು ಪ್ರಾಣಹಾನಿ ಸಂಭವಿಸಿದುದನ್ನು ನಮ್ಮ ವರ್ತಕರು ಮರೆತಿರಲಾರರು. ಪಕ್ಕದ ಮಳಿಗೆಯಲ್ಲಿ ಏನಿದೆಯೆಂದು ಅರಿಯದೆಯೇ ಹಳೆಯ ಪೇಟೆಗಳಲ್ಲಿ ಗೋಡೆಗೆ ಗೋಡೆ ತಾಗಿ ವ್ಯಾಪಾರ ನಡೆಯುತ್ತದೆ. ಸಾಮಾನ್ಯವಾಗಿ ಅಗ್ನಿವಿಮೆಯು ಬೆಂಕಿಯನ್ನಲ್ಲದೆ ಸ್ಫೋಟವನ್ನೂ ಪ್ರವಾಹವನ್ನೂ ಒಳಗೊಂಡಿರುತ್ತದೆ. ಆದರೆ ಪರಿಹಾರದ ಮೊತ್ತ ಬಹುಮಟ್ಟಿಗೆ ನಿರ್ಧಾರವಾಗುವುದು ಅವಘಡಕ್ಕೆ ಮೊದಲು, ನಮ್ಮ ಪಾಲಿಸಿ ಮತ್ತು ಲೆಕ್ಕಪುಸ್ತಕಗಳಲ್ಲಿ.

ಅತಿ ಹೆಚ್ಚು ಅಸಮಾಧಾನಕ್ಕೆ ಕಾರಣವಾಗುವುದು ಕಡಿಮೆ ಮೊತ್ತದ ವಿಮೆ. ದೀಪಾವಳಿಗೆ ಮುನ್ನ ಅಂಗಡಿಯ ದಾಸ್ತಾನು 40 ಲಕ್ಷ ರೂಪಾಯಿ ಇದ್ದು, ಪಾಲಿಸಿ 20 ಲಕ್ಷಕ್ಕೆ ಮಾತ್ರ ಇದೆಯೆನ್ನೋಣ. 10 ಲಕ್ಷದ ಸರಕು ಸುಟ್ಟರೆ ದೊರೆಯುವುದು ಸುಮಾರು 5 ಲಕ್ಷ. ‘ನಷ್ಟ ವಿಮಾ ಮೊತ್ತದೊಳಗೇ ಇದೆಯಲ್ಲ’ ಎಂಬ ವಾದಕ್ಕೆ ಇಲ್ಲಿ ಬೆಲೆಯಿಲ್ಲ; ಅರ್ಧ ವಿಮೆ ಮಾಡಿಸಿದವರು ಉಳಿದ ಅರ್ಧಕ್ಕೆ ತಾವೇ ಹೊಣೆ ಎಂಬುದು ‘ಆವರೇಜ್’ ನಿಯಮದ ತಿರುಳು. 2021ರ ಏಪ್ರಿಲ್ 1ರಿಂದ ಬಂದಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ (5 ಕೋಟಿ ರೂಪಾಯಿ ಮೌಲ್ಯದವರೆಗೆ) ಮತ್ತು ಭಾರತ್ ಲಘು ಉದ್ಯಮ ಸುರಕ್ಷಾ (5ರಿಂದ 50 ಕೋಟಿವರೆಗೆ) ಪಾಲಿಸಿಗಳಲ್ಲಿ ಶೇಕಡಾ 15ರವರೆಗಿನ ಕೊರತೆಯನ್ನು ಲೆಕ್ಕಿಸುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಕೊರತೆ ಶೇಕಡಾ 50.

ಎರಡನೆಯದು ವಿಳಾಸ. ಕ್ಯಾಷ್ ಕ್ರೆಡಿಟ್ ಪಡೆದವರ ದಾಸ್ತಾನಿಗೆ ಅನೇಕ ವೇಳೆ ಬ್ಯಾಂಕೇ ವಿಮೆ ಮಾಡಿಸುತ್ತದೆ. ವರ್ತಕರು ಪಾಲಿಸಿಯನ್ನು ತೆರೆದು ನೋಡುವುದೇ ಇಲ್ಲ. ಸರಕನ್ನು ಒಂದು ಬೀದಿಯಿಂದ ಇನ್ನೊಂದು ಬೀದಿಯ ಗೋದಾಮಿಗೆ ಸಾಗಿಸಿ, ಪಾಲಿಸಿಯಲ್ಲಿ ಅದನ್ನು ನಮೂದಿಸದಿದ್ದರೆ ಕ್ಲೇಮ್ ತಿರಸ್ಕೃತವಾಗುವ ಸಂಭವ ಹೆಚ್ಚು. ಬಣ್ಣ, ಥಿನ್ನರ್‌ಗಳಂತಹ ಸರಕು ಇದ್ದರೆ ಅದನ್ನೂ ಮರೆಮಾಚದೆ ತಿಳಿಸತಕ್ಕದ್ದು.

ಅವಘಡ ನಡೆದ ದಿನವೇ ವಿಮಾ ಸಂಸ್ಥೆಗೆ ಇ-ಮೇಲ್ ಮೂಲಕ ತಿಳಿಸಿರಿ. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ, ಕಳವಾದರೆ ಎಫ್‌ಐಆರ್ ಅಗತ್ಯ. (ಅಂಗಡಿ ಒಡೆದು ಮಾಡಿದ ಕಳವಿಗೆ ಪ್ರತ್ಯೇಕ ಬರ್ಗ್ಲರಿ ಪಾಲಿಸಿ ಬೇಕಾಗುತ್ತದೆ.) ಉಳಿದ ಸರಕನ್ನು ರಕ್ಷಿಸುವುದು ವಿಮೆದಾರರ ಕರ್ತವ್ಯ, ಆದರೆ ಸುಟ್ಟ ಅವಶೇಷವನ್ನು ಸರ್ವೇಯರ್ ನೋಡುವ ಮೊದಲು ಗುಜರಿಗೆ ಹಾಕಕೂಡದು. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯಂತೆ ವರದಿಯಾದ 24 ಗಂಟೆಗಳೊಳಗೆ ಸರ್ವೇಯರ್ ನೇಮಕ, 15 ದಿನಗಳೊಳಗೆ ಅವರ ವರದಿ, ಅನಂತರ 7 ದಿನಗಳೊಳಗೆ ಸಂಸ್ಥೆಯ ತೀರ್ಮಾನ ಆಗಬೇಕು.

ಸರ್ವೇಯರ್ ಕೇಳುವುದು ಖರೀದಿ ಬಿಲ್ಲು, ದಾಸ್ತಾನು ಪುಸ್ತಕ, ಜಿಎಸ್‌ಟಿ ರಿಟರ್ನ್ ಮತ್ತು ಬ್ಯಾಂಕಿಗೆ ಸಲ್ಲಿಸಿದ ಸ್ಟಾಕ್ ಸ್ಟೇಟ್‌ಮೆಂಟ್. ಇಲ್ಲಿ ಒಂದು ಮಾತು ಕೆಲವರಿಗೆ ಹಿತವಾಗದಿರಬಹುದು: ಹೆಚ್ಚು ಸಾಲಕ್ಕಾಗಿ ಬ್ಯಾಂಕಿಗೆ ಒಂದು ಲೆಕ್ಕ, ತೆರಿಗೆಗೆ ಇನ್ನೊಂದು ಲೆಕ್ಕ ಕೊಟ್ಟವರು ಈ ಹಂತದಲ್ಲಿ ನಿರುತ್ತರರಾಗುತ್ತಾರೆ. ಅಂಗಡಿಯ ಕಂಪ್ಯೂಟರಿನ ಜೊತೆಗೇ ಲೆಕ್ಕವೂ ಸುಟ್ಟುಹೋಗದಂತೆ ಒಂದು ಪ್ರತಿ ಬೇರೆಡೆ ಇರಲಿ. ಕೊಟ್ಟ ಪ್ರತಿಯೊಂದು ಕಾಗದಕ್ಕೂ ಸ್ವೀಕೃತಿ ಪಡೆಯಿರಿ.

ಸರ್ವೇಯರ್ ವರದಿಯೇ ಅಂತಿಮವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆದುದರಿಂದ ಕಡಿತಕ್ಕೆ ಕಾರಣವನ್ನು ಲಿಖಿತವಾಗಿ ಕೇಳಿರಿ. ‘ಪೂರ್ಣ ಮತ್ತು ಅಂತಿಮ’ ಎಂಬ ಡಿಸ್‌ಚಾರ್ಜ್ ವೋಚರಿಗೆ ಹಣದ ತುರ್ತಿನಲ್ಲಿ ಸಹಿ ಹಾಕಿದರೆ ಎಲ್ಲವೂ ಮುಗಿಯಿತೆಂದಲ್ಲ. ವಂಚನೆ ಅಥವಾ ಒತ್ತಡದಿಂದ ಸಹಿ ಪಡೆದುದೆಂದು ಸಾಬೀತಾದರೆ ಬಾಕಿ ಕೇಳಬಹುದೆಂದು 1999ರ ಅಜ್ಮೇರ್ ಸಿಂಗ್ ಕಾಟನ್ ಮಿಲ್ಸ್ ತೀರ್ಪು ತಿಳಿಸುತ್ತದೆ. ಆದರೆ ತಿಂಗಳುಗಟ್ಟಲೆ ಸುಮ್ಮನಿದ್ದು ಬಳಿಕ ಒತ್ತಡವೆಂದರೆ ನಂಬುವವರು ವಿರಳ. ಆಕ್ಷೇಪಣಾ ಪತ್ರವನ್ನು ಕೂಡಲೇ ಕಳುಹಿಸಿರಿ.

ಸಂಸ್ಥೆಗೆ ದೂರಿತ್ತು ಒಂದು ತಿಂಗಳಲ್ಲಿ ಪರಿಹಾರ ದೊರೆಯದಿದ್ದರೆ ಏಕಮಾಲೀಕತ್ವದ ಸಂಸ್ಥೆಗಳು ಮತ್ತು ಸೂಕ್ಷ್ಮ ಉದ್ಯಮಗಳು ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ಹೋಗಬಹುದು. ಅವರು 50 ಲಕ್ಷ ರೂಪಾಯಿವರೆಗೆ ಆದೇಶಿಸಬಲ್ಲರು. ಅದಕ್ಕೆ ಒಳಪಡದ ಉದ್ಯಮಗಳಿಗೆ ಗ್ರಾಹಕರ ಆಯೋಗವಿದೆ. ವ್ಯಾಪಾರಿಗಳು ‘ಗ್ರಾಹಕರಲ್ಲ’ ಎಂಬ ಹಳೆಯ ತಕರಾರನ್ನು ಸರ್ವೋಚ್ಚ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ಹರ್ಸೋಲಿಯಾ ಮೋಟಾರ್ಸ್ ಪ್ರಕರಣದಲ್ಲಿ ತಳ್ಳಿಹಾಕಿದೆ. ಅಲ್ಲಿ ದೂರು ಸಲ್ಲಿಸಲು ಎರಡು ವರ್ಷ, ಒಂಬುಡ್ಸ್‌ಮನ್ ಬಳಿ ಒಂದೇ ವರ್ಷ ಕಾಲಾವಕಾಶ.