ಸೂಜಿಮೊನೆಯಿಂದ ಚಿಮ್ಮಿದ ಫೋಟೊ

1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯ. ಇಚಿರೊ ಎಂಡೊ ಎಂಬ ಎಂಜಿನಿಯರ್ ಎದುರು ಶಾಯಿ ತುಂಬಿದ ಸಿರಿಂಜ್ ಇತ್ತು. ಕಾದ ಸೋಲ್ಡರಿಂಗ್ ಕಡ್ಡಿ ಅಕಸ್ಮಾತ್ತಾಗಿ ಅದರ ಸೂಜಿಗೆ ತಗುಲಿದ್ದೇ ತಡ, ತುದಿಯಿಂದ ಶಾಯಿ ಪಿಚಕ್ಕನೆ ಚಿಮ್ಮಿತು. ಯಾರೂ ಒತ್ತಿರಲಿಲ್ಲ. ಬಿಸಿಗೆ ಒಳಗೊಂದು ಗುಳ್ಳೆ ಎದ್ದು, ಶಾಯಿಯನ್ನು ಹೊರಕ್ಕೆ ದಬ್ಬಿತ್ತು. ಇಂದು ಮನೆಯ ಮೂಲೆಯಲ್ಲಿ ಕೂತು ಫೋಟೊ ಹೊರಹಾಕುವ ಇಂಕ್‌ಜೆಟ್ ಪ್ರಿಂಟರಿನ ಒಂದು ಕವಲು ಹೊರಟಿದ್ದು ಅಲ್ಲಿಂದ.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ಅಮೆರಿಕದ ಎಚ್‌ಪಿಯಲ್ಲಿ ಜಾನ್ ವಾಟ್ ಮತ್ತು ಸಂಗಡಿಗರು ಬೇರೆ ದಾರಿಯಲ್ಲಿ ಇದೇ ಗುಳ್ಳೆಯನ್ನು ಮುಟ್ಟಿದ್ದರು. ಅವರ ಥಿಂಕ್‌ಜೆಟ್ 1984ರಲ್ಲಿ 495 ಡಾಲರಿಗೆ ಮಾರಾಟಕ್ಕೆ ಬಂತು. ಶಾಯಿ ಚಿಮ್ಮಿಸುವ ಅದರ ಹೆಡ್‌ನಲ್ಲಿ ಇದ್ದದ್ದು ಬರೀ 12 ರಂಧ್ರ. ಫೋಟೊ ಹಾಗಿರಲಿ, ಅಕ್ಷರ ಹರಡದೆ ಮೂಡಬೇಕಿದ್ದರೂ ವಿಶೇಷ ಕಾಗದ ಬೇಕಿತ್ತು. ಸಾದಾ ಕಾಗದದ ಮೇಲೆ ಇಂಚಿಗೆ 300 ಚುಕ್ಕೆ ಇಡುವ ಡೆಸ್ಕ್‌ಜೆಟ್ ಬರುವಾಗ 1988 ಆಯಿತು. ಬೆಲೆ 995 ಡಾಲರ್.

ಶಾಯಿ ಚಿಮ್ಮಿಸಿ ಗೆರೆ ಎಳೆಯುವ ಉಪಾಯ ಮಾತ್ರ ಇವರೆಲ್ಲರಿಗಿಂತ ಹಳೆಯದು. ಸ್ವೀಡನ್ನಿನ ರೂನ್ ಎಲ್ಮ್‌ಕ್ವಿಸ್ಟ್ 1940ರ ದಶಕದ ಕೊನೆಗೇ ಅದನ್ನು ಇಸಿಜಿ ಯಂತ್ರಕ್ಕೆ ಅಳವಡಿಸಿದ್ದರು. ಅವರು ವೈದ್ಯಕೀಯ ಓದಿ ಎಂಜಿನಿಯರಿಂಗ್ ಕಡೆಗೆ ಹೊರಳಿದವರು. 1958ರಲ್ಲಿ ದೇಹದೊಳಗೆ ಕೂರಿಸುವ ಮೊದಲ ಪೇಸ್‌ಮೇಕರ್ ಮಾಡಿಕೊಟ್ಟವರೂ ಅವರೇ. ನಮ್ಮ ಮದುವೆ ಆಲ್ಬಮ್ಮಿನ ಮೂಲಪುರುಷರಲ್ಲಿ ಒಬ್ಬರು ಎದೆಬಡಿತದ ತಜ್ಞರು ಎಂಬುದು ನನಗಂತೂ ಬಲು ಇಷ್ಟವಾದ ಸಂಗತಿ.

ಮೂರನೆಯವರು ಬಿಸಿಯ ಗೊಡವೆಗೇ ಹೋಗಲಿಲ್ಲ. ಜಪಾನಿನ ಸುವಾದ ಗಡಿಯಾರ ತಯಾರಕರು 1969ರಲ್ಲಿ ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಪೇಟೆಗೆ ತಂದವರು. ಕರೆಂಟು ಕೊಟ್ಟರೆ ಹರಳು ಮಿಡಿಯುತ್ತದೆ ಎಂಬುದು ಅವರಿಗೆ ಕರತಲಾಮಲಕ. ಅವರದೇ ಬಳಗದ ಎಪ್ಸನ್, ಅದೇ ಗುಣದ ಪೀಜೊ ಪದಾರ್ಥವನ್ನು ಪ್ರಿಂಟರಿನ ಹೆಡ್‌ನಲ್ಲಿ ಕೂರಿಸಿತು. ಕರೆಂಟಿಗೆ ಅದು ಬಾಗುತ್ತದೆ, ಹನಿ ಹೊರಬೀಳುತ್ತದೆ. 1994ರ ಸ್ಟೈಲಸ್ ಕಲರ್ ಇಂಚಿಗೆ 720 ಚುಕ್ಕೆ ಇಟ್ಟಾಗ, ಮನೆಯಲ್ಲೇ ಫೋಟೊ ಮುದ್ರಿಸಬಹುದು ಎಂಬ ಮಾತಿಗೆ ಮೊದಲ ಸಲ ತೂಕ ಬಂತು.

ಆದರೂ ಮುಖಗಳು ಸರಿಹೋಗಲಿಲ್ಲ. ಆ ಕಾಲದ ಪ್ರಿಂಟನ್ನು ಭೂತಗನ್ನಡಿಯಲ್ಲಿ ನೋಡಿದರೆ ಮಗುವಿನ ಕೆನ್ನೆಯ ತುಂಬ ಕಡು ಗುಲಾಬಿ ಚುಕ್ಕೆ, ನಡುನಡುವೆ ಬಿಳಿ ಕಾಗದ. ತಿಳಿಬಣ್ಣ ಬೇಕೆಂದರೆ ಯಂತ್ರ ಚುಕ್ಕೆಗಳನ್ನು ದೂರದೂರ ಇಡಬೇಕಿತ್ತು. ಬೇರೆ ದಾರಿ ಇರಲಿಲ್ಲ. ಕಪ್ಪು, ಹಳದಿ, ಸಯಾನ್, ಮೆಜೆಂಟಾ ಜೊತೆಗೆ ತಿಳಿ ಸಯಾನ್, ತಿಳಿ ಮೆಜೆಂಟಾ ಸೇರಿಸಿ ಆರು ಬಣ್ಣ ಮಾಡಿದ ಮೇಲೆ ಕೆನ್ನೆ ಕೆನ್ನೆಯಂತಾಯಿತು. ಇಂದಿಗೂ ಅಂಗಡಿಯಲ್ಲಿ ನಾಲ್ಕು ಬಣ್ಣದ ಯಂತ್ರಕ್ಕೂ ಆರು ಬಣ್ಣದ್ದಕ್ಕೂ ಬೆಲೆಯಲ್ಲಿ ಅಷ್ಟು ಅಂತರ ಯಾಕೆ ಎಂದರೆ ಉತ್ತರ ಆ ಕೆನ್ನೆಯಲ್ಲೇ ಇದೆ.

ಬಣ್ಣ ಕೂತ ಮೇಲೆ ಬಣ್ಣ ಹೋಗುವ ಕಾಟ. 2000ನೇ ಇಸವಿಯಲ್ಲಿ ಎಪ್ಸನ್ನಿನ ಸ್ಟೈಲಸ್ ಫೋಟೊ 870 ಪ್ರಿಂಟರಿನಲ್ಲಿ ತೆಗೆದ ಕೆಲವರ ಚಿತ್ರಗಳು ನೋಡನೋಡುತ್ತ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಬಿಸಿಲಿಗೆ ಬಣ್ಣ ತಡೆಯುತ್ತದೆಯೇ ಎಂದು ಪರೀಕ್ಷಿಸಿದ್ದರು. ಗಾಳಿಯಲ್ಲಿರುವ ಓಜೋನ್ ನುಣುಪು ಕಾಗದದ ಸೂಕ್ಷ್ಮ ರಂಧ್ರಗಳೊಳಗೆ ಇಳಿದು ಸಯಾನ್ ಬಣ್ಣವನ್ನು ತಿಂದುಹಾಕೀತು ಎಂದು ಎಣಿಸಿರಲಿಲ್ಲ. ಡೈ ಇಂಕಿನ, ಅಂದರೆ ಬಣ್ಣ ಕರಗಿಸಿ ಮಾಡಿದ ಇಂಕಿನ, ಫೋಟೊಗೆ ಗಾಜು ಹಾಕಿಸಿ, ಇಲ್ಲವೇ ಆಲ್ಬಮ್ಮಿನಲ್ಲಿ ಇಡಿ ಎಂದು ತಿಳಿದವರು ಹೇಳುವುದು ಅದಕ್ಕೇ.

ಇಷ್ಟಾಗುವಾಗ ಯಂತ್ರದ ಬೆಲೆ ಸಾಕಷ್ಟು ಕೆಳಗಿಳಿದಿತ್ತು. ಅಗ್ಗದ ಪ್ರಿಂಟರ್ ಎಂಬ ಮಾತಿನಲ್ಲಿ ಮೋಸ ಇದ್ದದ್ದೂ ಅಲ್ಲೇ. ಯಂತ್ರವನ್ನು ಸಲೀಸಾಗಿ ಕೊಟ್ಟು, ಕೆಲವೇ ಮಿಲಿಲೀಟರ್ ಇಂಕಿನ ಕಾರ್ಟ್ರಿಜ್‌ನಲ್ಲಿ ಕಾಸು ಎತ್ತುವುದು ಕಂಪನಿಗಳ ಲೆಕ್ಕ. ಎರಡು ಸಲ ಕಾರ್ಟ್ರಿಜ್ ಬದಲಿಸುವಷ್ಟರಲ್ಲಿ ಯಂತ್ರದ ದುಡ್ಡೇ ಕೈಬಿಡುತ್ತಿತ್ತು. ಸಾಲದ್ದಕ್ಕೆ ಕಾರ್ಟ್ರಿಜ್‌ಗೊಂದು ಚಿಪ್. ಇಂಕು ಮುಗಿಯಿತು ಎಂದು ಅದು ಅಂದರೆ ಮುಗಿಯಿತು.

ನಮ್ಮ ಅಂಗಡಿಯವರು ಸುಮ್ಮನೆ ಕೂರುವ ಪೈಕಿಯೇ? ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿರಿಂಜ್ ಮತ್ತೆ ಕೈಗೆ ಬಂತು. ಕಾರ್ಟ್ರಿಜ್‌ನ ಮೇಲಿನ ಸ್ಟಿಕ್ಕರ್ ಎತ್ತಿ, ರಂಧ್ರ ಹುಡುಕಿ, ಸೂಜಿ ಚುಚ್ಚಿ, ಒಳಗಿನ ಸ್ಪಂಜು ಕುಡಿಯುವಷ್ಟೇ ಇಂಕು ನಿಧಾನಕ್ಕೆ ಬಿಡುವುದು, ಸೋರಿದ್ದನ್ನು ಟಿಶ್ಯೂ ಕಾಗದಕ್ಕೆ ಒತ್ತುವುದು. ರೀಫಿಲ್ ಮಾಡುವವರ ಬೆರಳು ಎಂದೂ ಬೆಳ್ಳಗಿರುತ್ತಿರಲಿಲ್ಲ. ಸ್ಟುಡಿಯೊದವರು ಇನ್ನೊಂದು ಹೆಜ್ಜೆ ಮುಂದೆ. ಪ್ರಿಂಟರಿನ ಪಕ್ಕಕ್ಕೆ ಇಂಕಿನ ಬಾಟಲಿಗಳನ್ನಿಟ್ಟು, ಅಲ್ಲಿಂದ ಸಣ್ಣ ಪೈಪುಗಳನ್ನು ಮುಚ್ಚಳದ ಸಂದಿಯಲ್ಲಿ ತೂರಿಸಿ ಹೆಡ್‌ವರೆಗೆ ಎಳೆದುಬಿಟ್ಟರು. ವಾರಂಟಿ ಹೋಯಿತು, ಆದರೆ ಪಾಸ್‌ಪೋರ್ಟ್ ಫೋಟೊ ಐದು ನಿಮಿಷದಲ್ಲಿ ಕೈಗೆ ಸಿಗತೊಡಗಿತು.

ಏಷ್ಯಾದ ಹಲವು ಊರುಗಳಲ್ಲಿ ನಡೆದದ್ದು ಇದೇ, ಇಂಡೊನೇಷ್ಯಾದಲ್ಲಂತೂ ಜೋರಾಗಿ. ಬಾಟಲಿ ಕಟ್ಟುವವರನ್ನು ತಡೆಯಲಾಗದೆ ಎಪ್ಸನ್ 2010ರಲ್ಲಿ ಅಲ್ಲೇ, ತಾನೇ ತೊಟ್ಟಿ ಕೂರಿಸಿದ ಎಲ್100, ಎಲ್200 ಯಂತ್ರಗಳನ್ನು ಇಳಿಸಿತು. ಯಂತ್ರದ ಬೆಲೆ ಏರಿತು, ಇಂಕಿನ ಬೆಲೆ ಪಾತಾಳಕ್ಕೆ ಬಿತ್ತು. ಬೆನ್ನಿಗೇ ಭಾರತಕ್ಕೂ ಬಂತು. ಅಮೆರಿಕದವರು ಇಂಥದ್ದನ್ನು ನೋಡಲು 2015ರವರೆಗೆ ಕಾಯಬೇಕಾಯಿತು. 2016ರ ಹೊತ್ತಿಗೆ ಕ್ಯಾನನ್, ಎಚ್‌ಪಿ ಎರಡೂ ತೊಟ್ಟಿಗೆ ಇಳಿದಿದ್ದವು. ಮನೆಯ ಫೋಟೊ ನಿಜಕ್ಕೂ ಅಗ್ಗವಾದದ್ದಕ್ಕೆ ನಾನು ಋಣಿ ಎಂದರೆ, ಪ್ರಯೋಗಾಲಯಗಳಿಗಿಂತ ಹೆಚ್ಚಾಗಿ ಈ ಪೈಪು ತೂರಿಸಿದವರಿಗೆ.

ಹಾಗಾದರೆ ಈಗ ಕೊಳ್ಳುವವರು ಯಾವುದನ್ನು ನೋಡಬೇಕು? ಡಬ್ಬಿಯ ಮೇಲಿನ 4800, 5760 ಎಂಬ ಅಂಕಿಗಳನ್ನಂತೂ ಅಲ್ಲ. ಅದು ಹನಿ ಇಡುವ ಲೆಕ್ಕ. 4×6 ಇಂಚಿನ ಫೋಟೊಗೆ 1200×1800 ಪಿಕ್ಸೆಲ್ ಸಾಕು, ನಿಮ್ಮ ಫೋನು ಅದರ ಎಷ್ಟೋ ಪಟ್ಟು ಕೊಡುತ್ತದೆ. ನೋಡಬೇಕಾದ್ದು ಇಂಕಿನ ಬಾಟಲಿ. ಅಗ್ಗದ ನಾಲ್ಕು ಬಣ್ಣದ ತೊಟ್ಟಿ ಯಂತ್ರಗಳಲ್ಲಿ ಅನೇಕವು ಕಪ್ಪಿಗೆ ಪಿಗ್ಮೆಂಟ್ ಇಂಕು, ಅಂದರೆ ಬಣ್ಣದ ಸಣ್ಣ ಕಣಗಳ ಇಂಕು, ಬಳಸುತ್ತವೆ. ಅಕ್ಷರಕ್ಕೆ ಅದು ಗಟ್ಟಿ, ಗ್ಲಾಸಿ ಕಾಗದಕ್ಕೆ ಹಿಡಿಯದು. ಫೋಟೊ ಬಂದಾಗ ಯಂತ್ರ ಉಳಿದ ಮೂರು ಬಣ್ಣ ಕಲಸಿ ಕಪ್ಪು ಮಾಡುತ್ತದೆ. ಅಜ್ಜಿಯ ತಲೆಗೂದಲು ಕಂದುಗಟ್ಟುತ್ತದೆ. ಮಕ್ಕಳ ಪ್ರಾಜೆಕ್ಟು, ಆಧಾರ್ ಪ್ರತಿ, ನಡುನಡುವೆ ಒಂದೆರಡು ಫೋಟೊ ಎನ್ನುವವರಿಗೆ ಇದೇ ಸಾಕು. ಆಲ್ಬಂ ಕಟ್ಟುವ ಹುಚ್ಚಿರುವವರು ಆರು ಬಣ್ಣಕ್ಕೆ ಹೋಗಲಿ. ಎಪ್ಸನ್ ಎಲ್805 ಒಂದು ಸೆಟ್ ಇಂಕಿನಲ್ಲಿ 4×6ರ 1,800 ಫೋಟೊ, ಕ್ಯಾನನ್ ಜಿ570 3,800 ಫೋಟೊ ಎಂದು ಕಂಪನಿಗಳು ಹೇಳಿಕೊಂಡಿವೆ.

ವರ್ಷಕ್ಕೆ ನಾಲ್ಕು ಸಲ, ಹಬ್ಬ ಹುಟ್ಟುಹಬ್ಬಕ್ಕೆ ಮಾತ್ರ ಫೋಟೊ ಬೇಕೆನ್ನುವವರಿಗೆ ಇಂಕೇ ಬೇಡ. ಬೀರುವಿನಲ್ಲಿ ಇಟ್ಟ ಇಂಕ್‌ಜೆಟ್ಟಿನ ನಾಜಲ್ ಒಣಗುತ್ತದೆ; ಹೆಡ್ ಕ್ಲೀನಿಂಗ್ ಒತ್ತಿದಷ್ಟೂ ಇಂಕು ಚರಂಡಿಗೆ. ಅವರಿಗೆ ಕ್ಯಾನನ್ ಸೆಲ್ಫಿಯಂಥ, ರಿಬ್ಬನ್ನಿನ ಬಣ್ಣವನ್ನು ಬಿಸಿಯಿಂದ ಕಾಗದಕ್ಕೆ ಇಳಿಸುವ ಡೈ ಸಬ್ಲಿಮೇಶನ್ ಯಂತ್ರ ಹೊಂದುತ್ತದೆ. ಕಾಗದ ನಾಲ್ಕು ಸಲ ಒಳಹೊರಗೆ ಓಡಾಡುತ್ತದೆ: ಮೊದಲು ಹಳದಿ ಮುಖ, ಆಮೇಲೆ ಮೆಜೆಂಟಾ ಕೂಡಿ ಕೆಂಪಗೆ, ಸಯಾನ್ ಬಿದ್ದ ಮೇಲೆ ಪರಿಚಿತರು, ಕೊನೆಗೆ ನೀರು ತಾಗದಂತೆ ಪಾರದರ್ಶಕ ಲೇಪ. ಮಕ್ಕಳು ಇದನ್ನೇ ನೋಡಲು ಸುತ್ತ ಕೂರುತ್ತಾರೆ. ರಿಬ್ಬನ್ನು ಕಾಗದ ಎರಡೂ ಜೋಡಿಯಾಗಿ ಬರುವುದರಿಂದ ಒಂದು ಫೋಟೊಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ ಮೊದಲೇ ಗೊತ್ತು, ಕಡಿಮೆಯೇನೂ ಅಲ್ಲ. ಬಳಸಿದ ರಿಬ್ಬನ್ನನ್ನು ಹಾಗೇ ಕಸಕ್ಕೆ ಎಸೆಯಬೇಡಿ. ಪ್ರತಿ ಫೋಟೊದ ನೆಗೆಟಿವ್ ಅದರ ಮೇಲೆ ಉಳಿದಿರುತ್ತದೆ.

ತೊಟ್ಟಿ ಯಂತ್ರವೇ ಎಂದು ಗಟ್ಟಿಮಾಡಿಕೊಂಡವರು ವಾರಕ್ಕೊಂದು ಬಣ್ಣದ ಪುಟ ತೆಗೆಯುತ್ತಿರಿ. ಬಿಲ್ ಹಾಕಿಸುವ ಮೊದಲು ಅಂಗಡಿಯಲ್ಲಿ ಒಂದು ಮಾತು ಕೇಳಿ: ಹೆಡ್ ತೊಳೆದ ಇಂಕನ್ನು ಹೀರಿಕೊಳ್ಳುವ ಪ್ಯಾಡ್ ತುಂಬಿದರೆ ಮನೆಯಲ್ಲೇ ಬದಲಿಸಬಹುದೇ, ಇಲ್ಲ ಸರ್ವಿಸ್ ಸೆಂಟರಿಗೆ ಹೊತ್ತು ಒಯ್ಯಬೇಕೇ?