ಉಸಿರಿನ ಲೆಕ್ಕ: ಬಾಹ್ಯಾಕಾಶದ ಜೀವಾಧಾರ ತಂತ್ರಜ್ಞಾನ ಮತ್ತು ವಿದ್ಯಾರ್ಥಿಗಳ ಇಂಟರ್ನ್‌ಶಿಪ್

೧

ಹೈದರಾಬಾದಿನ ಕೋಠಿಯಲ್ಲಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ರೆಸಿಡೆಂಟ್ ಜೇಮ್ಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಸೌಧದ ಆವರಣದಲ್ಲಿ, ಮಹಿಳೆಯರ ಉನ್ನತ ಶಿಕ್ಷಣದ ಒಂದು ದೀರ್ಘ ಪರಂಪರೆ ನೆಲೆಗೊಂಡಿದೆ. ೧೯೨೪ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ಮುಂದೆ ಇಲ್ಲಿಗೆ ಬಂದು ಬೆಳೆಯಿತು. ೨೦೨೨ರಲ್ಲಿ ಅದು ಮಹಿಳಾ ವಿಶ್ವವಿದ್ಯಾಲಯವಾಯಿತು. ಇಲ್ಲಿಂದ ಅಷ್ಟೇನೂ ದೂರವಿಲ್ಲದ ನಿಜಾಮ್ ಕಾಲೇಜಿನಲ್ಲಿ ಓದಿದ ರಾಕೇಶ್ ಶರ್ಮಾ ಅವರು ೧೯೮೪ರ ಏಪ್ರಿಲ್ ೩ರಂದು ಸೋಯುಜ್ ಟಿ-೧೧ ನೌಕೆಯಲ್ಲಿ ಅಂತರಿಕ್ಷಕ್ಕೆ ಏರಿ, ಸುಮಾರು ಎಂಟು ದಿನ ಅಲ್ಲಿದ್ದು ಮರಳಿದರು.

ಆ ಯಾನವನ್ನು ನೆನೆದಾಗ ನಮ್ಮ ಕಣ್ಣ ಮುಂದೆ ನಿಲ್ಲುವುದು ಉರಿಯುಗುಳುತ್ತ ಮೇಲೇರುವ ರಾಕೆಟ್ಟು. ಆದರೆ ರಾಕೆಟ್ಟಿನ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆ ಬಳಿಕ ಎಂಟು ದಿನಗಳ ಕಾಲ ಆ ಮುಚ್ಚಿದ ಗೂಡಿನಲ್ಲಿ ಮನುಷ್ಯನು ಉಸಿರಾಡಬೇಕು, ಉಣ್ಣಬೇಕು, ಕುಡಿಯಬೇಕು, ಮಲಗಬೇಕು. ಇದನ್ನು ಸಾಧ್ಯಗೊಳಿಸುವ ಶಾಸ್ತ್ರಕ್ಕೆ ಜೀವಾಧಾರ ತಂತ್ರಜ್ಞಾನವೆಂದು ಹೆಸರು. ಇದರಲ್ಲಿ ಯಂತ್ರಶಾಸ್ತ್ರಕ್ಕಿರುವಷ್ಟೇ ಪಾಲು ರಸಾಯನಶಾಸ್ತ್ರಕ್ಕೆ, ಸಸ್ಯಶಾಸ್ತ್ರಕ್ಕೆ, ಸೂಕ್ಷ್ಮಜೀವಿಶಾಸ್ತ್ರಕ್ಕೆ, ಪೋಷಣಶಾಸ್ತ್ರಕ್ಕೆ ಇದೆ. ಹಾಗಾಗಿ ಕೋಠಿಯಂಥ ಸ್ಥಳದಲ್ಲಿ ಶುದ್ಧ ವಿಜ್ಞಾನಗಳನ್ನು ಓದುವ ವಿದ್ಯಾರ್ಥಿನಿಗೆ ಅಂತರಿಕ್ಷ ವಿಜ್ಞಾನದ ಬಾಗಿಲು ಮುಚ್ಚಿಲ್ಲ. ಆ ಬಾಗಿಲು ಯಾವುದು, ಇಂಟರ್ನ್‌ಶಿಪ್ ಎಂದು ಕರೆಯಲಾಗುವ ಕಾರ್ಯಾನುಭವದ ತರಬೇತಿ ಅದನ್ನು ಹೇಗೆ ತೆರೆಯಬಲ್ಲದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಜೀವಾಧಾರ ವ್ಯವಸ್ಥೆಯ ಮೂಲದಲ್ಲಿ ಇರುವುದು ಒಂದು ಸರಳವಾದ ಜಮಾಖರ್ಚು. ಒಬ್ಬ ಮನುಷ್ಯನಿಗೆ ದಿನವೊಂದಕ್ಕೆ ಸುಮಾರು ೦.೮೪ ಕಿಲೋಗ್ರಾಂ ಆಮ್ಲಜನಕ ಬೇಕು. ಅವನು ಹೊರಬಿಡುವ ಇಂಗಾಲದ ಡೈಆಕ್ಸೈಡಿನ ತೂಕ ಸುಮಾರು ಒಂದು ಕಿಲೋಗ್ರಾಂ. ನೆಲದ ಮೇಲೆ ಈ ಲೆಕ್ಕವನ್ನು ಮರಗಿಡಗಳೂ ಸಮುದ್ರವೂ ನಮಗಾಗಿ ಇಡುತ್ತವೆ. ನೌಕೆಯೊಳಗೆ ಅದನ್ನು ನಾವೇ ಇಡಬೇಕಾಗುತ್ತದೆ. ಅಲ್ಲಿ ಬಿಸಿಗಾಳಿ ಮೇಲೇರುವುದಿಲ್ಲ. ಫ್ಯಾನು ನಿಂತರೆ ಮಲಗಿದವನ ಮುಖದ ಸುತ್ತಲೇ ಅವನ ಉಸಿರು ಮಡುಗಟ್ಟುತ್ತದೆ. ಕೋಣೆಯಲ್ಲಿ ಬೇಕಾದಷ್ಟು ಆಮ್ಲಜನಕವಿದ್ದರೂ ಮನುಷ್ಯನು ತನ್ನ ಉಸಿರಿನಿಂದಲೇ ಅಪಾಯಕ್ಕೀಡಾಗಬಹುದು.

ಇಂಗಾಲದ ಡೈಆಕ್ಸೈಡನ್ನು ತೆಗೆಯುವ ಹಳೆಯ ವಿಧಾನ ಲಿಥಿಯಂ ಹೈಡ್ರಾಕ್ಸೈಡಿನದು. ಪದವಿ ತರಗತಿಯ ಸಮೀಕರಣದಿಂದಲೇ ಲೆಕ್ಕ ಹಾಕಬಹುದು: ಒಂದು ಕಿಲೋಗ್ರಾಂ ಅನಿಲವನ್ನು ಹೀರಲು ಸುಮಾರು ೧.೧ ಕಿಲೋಗ್ರಾಂ ಲಿಥಿಯಂ ಹೈಡ್ರಾಕ್ಸೈಡ್ ಬೇಕು. ಮೂವರನ್ನು ೪೦೦ ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ಮೂರು ದಿನ ಇರಿಸಿ ಮರಳಿ ತರುವುದು ಭಾರತದ ಗಗನಯಾನ ಯೋಜನೆಯ ಉದ್ದೇಶ. ಅಷ್ಟು ಜನರಿಗೆ, ಅಷ್ಟು ದಿನಕ್ಕೆ, ಈ ವಿಧಾನದಲ್ಲಿ ಹತ್ತು ಕಿಲೋಗ್ರಾಂ ಸಾಕು. ಅದೇ ಮೂವರು ೧೮೦ ದಿನ ಇರಬೇಕಾದರೆ ಸುಮಾರು ೫೯೦ ಕಿಲೋಗ್ರಾಂ ಹೊತ್ತೊಯ್ಯಬೇಕು. ಒಮ್ಮೆ ಹೀರಿದ ಮೇಲೆ ಅದು ನಿರುಪಯೋಗಿ. ಸಣ್ಣ ಯಾನಕ್ಕೆ ಒಪ್ಪುವ ಉಪಾಯ ದೀರ್ಘ ಯಾನಕ್ಕೆ ಒಪ್ಪುವುದಿಲ್ಲ ಎಂಬ ಮುಖ್ಯ ತತ್ತ್ವ ಇಲ್ಲಿ ಸ್ಪಷ್ಟವಾಗುತ್ತದೆ.

ಆದುದರಿಂದ ದೀರ್ಘವಾಸಕ್ಕೆ ಮರುಬಳಕೆಯ ಮಾರ್ಗವನ್ನು ಹಿಡಿಯಬೇಕಾಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಜಿಯೊಲೈಟ್ ಎಂಬ ರಂಧ್ರಮಯ ಖನಿಜ ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟು, ಕಾಯಿಸಿದಾಗ ಬಿಟ್ಟುಕೊಡುತ್ತದೆ. ನೀರಿನ ವಿದ್ಯುದ್ವಿಭಜನೆಯಿಂದ ಆಮ್ಲಜನಕ ದೊರೆಯುತ್ತದೆ. ಉಳಿದ ಜಲಜನಕವನ್ನು ಇಂಗಾಲದ ಡೈಆಕ್ಸೈಡಿನೊಡನೆ ಸೇರಿಸಿದರೆ ನೀರೂ ಮೀಥೇನೂ ಉಂಟಾಗುತ್ತವೆ. ಬೆವರು, ಮೂತ್ರ, ಗಾಳಿಯ ತೇವ ಇವೆಲ್ಲವೂ ಶುದ್ಧಗೊಂಡು ಕುಡಿಯುವ ನೀರಾಗುತ್ತವೆ. ಹೀಗೆ ಶೇಕಡಾ ೯೮ರಷ್ಟು ನೀರನ್ನು ಮರಳಿ ಪಡೆಯುವುದು ಸಾಧ್ಯವೆಂದು ೨೦೨೩ರಲ್ಲಿ ಅಲ್ಲಿ ತೋರಿಸಲಾಯಿತು.

೩

ಪುಸ್ತಕದಲ್ಲಿ ಇಷ್ಟೆಲ್ಲ ಇರುವಾಗ ಪ್ರತ್ಯೇಕ ತರಬೇತಿ ಏಕೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದನ್ನು ೧೯೭೦ರ ಏಪ್ರಿಲಿನ ಅಪೊಲೊ-೧೩ರ ಘಟನೆ ಕೊಡುತ್ತದೆ. ಆಮ್ಲಜನಕದ ತೊಟ್ಟಿ ಸಿಡಿದು, ಮೂವರು ಯಾತ್ರಿಕರು ಚಂದ್ರನ ಮೇಲೆ ಇಳಿಯಲೆಂದು ಇದ್ದ ಉಪನೌಕೆಯಲ್ಲಿ ಆಶ್ರಯ ಪಡೆದರು. ಅಲ್ಲಿನ ಹೀರುಕಗಳು ಇಬ್ಬರಿಗೆಂದು ಸಿದ್ಧವಾದವು. ಮುಖ್ಯ ನೌಕೆಯಲ್ಲಿ ಹೆಚ್ಚಿನ ಹೀರುಕಗಳಿದ್ದರೂ ಅವು ಚೌಕಾಕಾರದವು, ಉಪನೌಕೆಯ ಕಿಂಡಿಗಳು ದುಂಡಗಿನವು. ಪ್ಲಾಸ್ಟಿಕ್ ಚೀಲ, ರಟ್ಟು, ಅಂಟುಪಟ್ಟಿ, ಕೊಳವೆ ಇವುಗಳಿಂದ ಎರಡನ್ನೂ ಜೋಡಿಸುವ ಉಪಾಯವನ್ನು ನೆಲದ ಮೇಲಿನ ತಂತ್ರಜ್ಞರು ಕಂಡುಹಿಡಿದರು. ರಾಸಾಯನಿಕ ಸಮೀಕರಣ ಎರಡೂ ಕಡೆ ಒಂದೇ ಆಗಿತ್ತು. ಕೊರತೆ ಇದ್ದದ್ದು ಜೋಡಣೆಯಲ್ಲಿ. ಇಂಥ ಅರಿವು ವಸ್ತುವನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದವರಿಗಷ್ಟೇ ದಕ್ಕುತ್ತದೆ.

ಎರಡನೆಯ ಉತ್ತರ ನಮ್ಮ ದೇಶದ್ದು. ಗಗನಯಾನದ ಜೀವಾಧಾರ ವ್ಯವಸ್ಥೆಯನ್ನು ಹೊರದೇಶಗಳಿಂದ ಪಡೆಯುವ ಯತ್ನ ಫಲಿಸಲಿಲ್ಲವೆಂದೂ, ಯಾರೂ ಕೊಡಲು ಮುಂದೆ ಬಾರದ್ದರಿಂದ ಅದನ್ನು ಇಲ್ಲಿಯೇ ರೂಪಿಸಲು ನಿರ್ಧರಿಸಲಾಯಿತೆಂದೂ ಅಂದಿನ ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ ಅವರು ೨೦೨೩ರ ಡಿಸೆಂಬರಿನಲ್ಲಿ ಗೋವೆಯಲ್ಲಿ ಹೇಳಿದರು. ಕೊಂಡು ತರಲಾಗದ ವಿದ್ಯೆಯನ್ನು ಕಲಿತೇ ಪಡೆಯಬೇಕು. ಕಲಿಯುವವರು ಇಂದಿನ ವಿದ್ಯಾರ್ಥಿಗಳಲ್ಲದೆ ಬೇರೆಯವರಲ್ಲ.

ಈ ವಿದ್ಯೆಯ ಫಲ ಅಂತರಿಕ್ಷಕ್ಕಷ್ಟೇ ಸೀಮಿತವಲ್ಲ ಎಂಬುದನ್ನೂ ಗಮನಿಸಬೇಕು. ಬೆಂಗಳೂರಿನ ಡೆಬೆಲ್ ಪ್ರಯೋಗಾಲಯವು ತೇಜಸ್ ಯುದ್ಧವಿಮಾನದ ಚಾಲಕನಿಗಾಗಿ, ಗಾಳಿಯಿಂದ ಸಾರಜನಕವನ್ನು ಜಿಯೊಲೈಟಿನಲ್ಲಿ ತಡೆದು ಆಮ್ಲಜನಕವನ್ನು ಸಾಂದ್ರಗೊಳಿಸುವ ಸಲಕರಣೆಯನ್ನು ರೂಪಿಸಿತು. ೨೦೨೧ರಲ್ಲಿ ಕೋವಿಡ್ ರೋಗಿಗಳು ಆಮ್ಲಜನಕವಿಲ್ಲದೆ ಆಸ್ಪತ್ರೆಗಳ ಬಾಗಿಲಲ್ಲಿ ಪರಿತಪಿಸುತ್ತಿದ್ದಾಗ, ಅದೇ ತತ್ತ್ವದ ಘಟಕಗಳನ್ನು ಆಸ್ಪತ್ರೆಗಳಲ್ಲಿ ಸ್ಥಾಪಿಸಲಾಯಿತು. ಅದೇ ಸಲಕರಣೆಯನ್ನು ಆಧರಿಸಿದ ಸಮಗ್ರ ಜೀವಾಧಾರ ವ್ಯವಸ್ಥೆ ೨೦೨೫ರ ಮಾರ್ಚ್ ೪ರಂದು ೫೦,೦೦೦ ಅಡಿ ಎತ್ತರದವರೆಗಿನ ಪರೀಕ್ಷೆಯಲ್ಲಿ ಯಶಸ್ವಿಯಾಯಿತು. ಮುಗಿಲಿನ ಉಸಿರಿಗೂ ವಾರ್ಡಿನ ಉಸಿರಿಗೂ ಶಾಸ್ತ್ರ ಒಂದೇ.

೪

ಇನ್ನು ಕಲಿಯುವ ಸ್ಥಳಗಳ ವಿಚಾರ. ೨೦೧೯ರಲ್ಲಿ ಬೆಂಗಳೂರಿನಲ್ಲಿ ಇಸ್ರೋದ ಮಾನವಸಹಿತ ಬಾಹ್ಯಾಕಾಶ ಯಾನ ಕೇಂದ್ರ ಆರಂಭವಾಯಿತು. ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯೂ ಅದೇ ನಗರದಲ್ಲಿದೆ. ರಾಕೇಶ್ ಶರ್ಮಾ ಅವರಿಗೆ ಆಹಾರವನ್ನು ಸಿದ್ಧಪಡಿಸಿಕೊಟ್ಟದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ. ೨೦೨೫ರ ಜೂನ್ ೨೫ರಂದು ನಿಲ್ದಾಣಕ್ಕೆ ಹೊರಟ ಶುಭಾಂಶು ಶುಕ್ಲಾ ಅವರೊಡನೆ ಧಾರವಾಡವೂ ಪಯಣಿಸಿತೆನ್ನಬಹುದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಐ.ಐ.ಟಿ. ರೂಪಿಸಿದ ಪ್ರಯೋಗಕ್ಕಾಗಿ ಅವರು ಹೆಸರುಕಾಳು, ಮೆಂತ್ಯೆಗಳನ್ನು ಅಲ್ಲಿ ಮೊಳಕೆ ಬರಿಸಿದರು. ನಮ್ಮ ಅಡುಗೆಮನೆಯ ಕಾಳು ಭಾರವಿಲ್ಲದ ಸ್ಥಿತಿಯಲ್ಲಿ ಹೇಗೆ ಬೇರುಬಿಡುತ್ತದೆ, ಅದರ ಸತ್ತ್ವ ಬದಲಾಗುತ್ತದೆಯೇ ಎಂಬ ಪ್ರಶ್ನೆ ಮುಂದಿನ ದೀರ್ಘ ಯಾನಗಳ ಆಹಾರದ ಪ್ರಶ್ನೆಯೇ ಆಗಿದೆ.

ಹೈದರಾಬಾದಿನಲ್ಲಿಯೂ ಈ ವಿಷಯಕ್ಕೆ ಒದಗುವ ಮೂಲವಿದ್ಯೆಗಳ ಕೊರತೆಯಿಲ್ಲ. ತಾರ್ನಾಕದಲ್ಲಿ ೧೯೪೪ರಷ್ಟು ಹಿಂದಿನ ಮೂಲವುಳ್ಳ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಿದೆ. ೧೯೫೮ರಲ್ಲಿ ಕೂನೂರಿನಿಂದ ಈ ನಗರಕ್ಕೆ ಬಂದ ಪೋಷಣ ಸಂಶೋಧನಾ ಸಂಸ್ಥೆಯಿದೆ. ಮಾನವಸಹಿತ ನೌಕೆಯ ಸಲಕರಣೆಯನ್ನೇ ಮುಟ್ಟುವ ಅವಕಾಶ ಎಲ್ಲ ವಿದ್ಯಾರ್ಥಿಗಳಿಗೂ ದೊರೆಯಲಾರದು. ಇಸ್ರೋ ತನ್ನ ಕೇಂದ್ರಗಳಲ್ಲಿ ಇಂಟರ್ನ್‌ಶಿಪ್ ಹಾಗೂ ಪ್ರಾಜೆಕ್ಟುಗಳಿಗೆ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆಯಾದರೂ ಸ್ಥಾನಗಳು ಮಿತ. ಆದರೆ ಹೀರುಕ, ಪೊರೆ, ಪಾಚಿ, ಮೊಳಕೆ ಇವುಗಳ ಮೇಲೆ ಕೆಲಸ ನಡೆಯುವ ಯಾವ ಪ್ರಯೋಗಾಲಯವಾದರೂ ಈ ವಿದ್ಯೆಯ ಪ್ರವೇಶದ್ವಾರವಾಗಬಲ್ಲದು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನೀಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್ಪು ಇಂಥ ಕೆಲಸಕ್ಕೆ ಒಪ್ಪುವಂಥದು.

ವಿದ್ಯಾರ್ಥಿಗಳು ಈ ಕ್ಷೇತ್ರದಲ್ಲಿ ಎಷ್ಟು ದೂರ ಹೋಗಬಲ್ಲರೆಂಬುದಕ್ಕೆ ಚೀನಾದ ನಿದರ್ಶನವಿದೆ. ಬೀಜಿಂಗಿನ ಬೈಹಾಂಗ್ ವಿಶ್ವವಿದ್ಯಾಲಯದ ಎಂಟು ವಿದ್ಯಾರ್ಥಿಗಳು ಎರಡು ತಂಡಗಳಾಗಿ, ೨೦೧೭ರ ಮೇ ತಿಂಗಳಿನಿಂದ ಒಟ್ಟು ೩೭೦ ದಿನ, ಚಂದ್ರಗೃಹವೆಂಬ ಮುಚ್ಚಿದ ಕಟ್ಟಡದಲ್ಲಿ ಸರದಿಯಂತೆ ವಾಸಿಸಿದರು. ತಾವೇ ಬೆಳೆದ ಗೋಧಿ, ತರಕಾರಿಗಳನ್ನು ಉಂಡರು. ಅವರ ಉಸಿರಿಗೆ ಬೇಕಾದ ಆಮ್ಲಜನಕವನ್ನು ಆ ಗಿಡಗಳೇ ಕೊಟ್ಟವು.

೫

ಇಂಥ ತರಬೇತಿಯಲ್ಲಿ ವಿದ್ಯಾರ್ಥಿನಿ ನಿಜವಾಗಿ ಮಾಡುವುದೇನು? ಒಂದು ಉದಾಹರಣೆಯನ್ನು ನೋಡಬಹುದು. ಗಾಜಿನ ಕೊಳವೆಯಲ್ಲಿ ಜಿಯೊಲೈಟ್ ತುಂಬಿ, ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನು ಒಂದೇ ವೇಗದಲ್ಲಿ ಹಾಯಿಸಬೇಕು. ಆಚೆ ತುದಿಯಲ್ಲಿ ಆ ಅನಿಲ ಎಷ್ಟು ನಿಮಿಷದ ಮೇಲೆ ಕಾಣಿಸಿಕೊಳ್ಳುತ್ತದೆಂದು ಬರೆದುಕೊಳ್ಳಬೇಕು. ಒಣ ಗಾಳಿಯಲ್ಲಿ ಚೆನ್ನಾಗಿ ಬಂದ ಫಲಿತಾಂಶ ತೇವದ ಗಾಳಿಯಲ್ಲಿ ಕುಸಿಯುತ್ತದೆ. ಏಕೆಂದರೆ ಜಿಯೊಲೈಟಿಗೆ ನೀರಿನ ಮೇಲೆ ಒಲವು ಹೆಚ್ಚು. ಮನುಷ್ಯನ ಉಸಿರು ಎಂದೂ ಒಣಗಿದ್ದಲ್ಲ. ಆದ್ದರಿಂದಲೇ ನಿಲ್ದಾಣದಲ್ಲಿ ಗಾಳಿಯ ತೇವವನ್ನು ಮೊದಲು ತೆಗೆಯುತ್ತಾರೆ. ಈ ಒಂದು ಸಂಗತಿಯನ್ನು ತಾನೇ ಅಳೆದು ಕಂಡವಳು, ಪ್ರತಿಯೊಂದು ಘಟಕವೂ ಇನ್ನೊಂದನ್ನು ಅವಲಂಬಿಸಿದೆಯೆಂಬ ತತ್ತ್ವವನ್ನು ಮರೆಯಲಾರಳು.

ಕೆಟ್ಟುಹೋದ ಪ್ರಯೋಗದ ಅಂಕಿಗಳನ್ನು ಅಳಿಸದೆ ಉಳಿಸಿಕೊಳ್ಳುವುದು ಈ ತರಬೇತಿಯ ಇನ್ನೊಂದು ಪಾಠ. ತರಗತಿಯ ಪ್ರಯೋಗದಲ್ಲಿ ಉತ್ತರ ಮೊದಲೇ ತಿಳಿದಿರುವುದರಿಂದ, ಅಂಕಿಯನ್ನು ಅದಕ್ಕೆ ಹೊಂದಿಸುವ ಚಪಲ ನಮ್ಮಲ್ಲಿ ಬೆಳೆದುಬಿಟ್ಟಿದೆ. ಉಸಿರನ್ನು ಕಾಯುವ ಯಂತ್ರದ ವಿಷಯದಲ್ಲಿ ಹಾಗೆ ಹೊಂದಿಸಿದ ಒಂದು ಅಂಕಿ ಒಂದು ಪ್ರಾಣಕ್ಕೆ ಎರವಾಗಬಹುದು. ಇಂಟರ್ನ್‌ಶಿಪ್ ಎಂಬುದು ಕೇವಲ ಪ್ರಮಾಣಪತ್ರದ ಸಂಗ್ರಹವಾಗುತ್ತಿರುವ ಈ ಕಾಲದಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ.

೬

ಕೊನೆಯದಾಗಿ ಭಾಷೆಯ ಮಾತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ತನ್ನ ಮೊದಲ ಮೂರು ದಶಕಗಳಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲಿ ಬೋಧಿಸಿತು. ಅದಕ್ಕಾಗಿ ಅನುವಾದ ವಿಭಾಗವೊಂದು ಗ್ರಂಥಗಳನ್ನೂ ಪರಿಭಾಷೆಯನ್ನೂ ಸಿದ್ಧಪಡಿಸಿತು. ಕಲಬುರಗಿ, ರಾಯಚೂರು, ಬೀದರಗಳಿಂದ ಬಂದ ಕನ್ನಡ ವಿದ್ಯಾರ್ಥಿಗಳೂ ಆ ಭಾಷೆಯಲ್ಲಿಯೇ ಓದಿದರು. ಅವರ ಮನೆಮಾತಿಗೆ ಆ ಭಾಗ್ಯ ಒದಗಲಿಲ್ಲವಾದರೂ, ಭಾರತೀಯ ಭಾಷೆಯೊಂದು ಉನ್ನತ ವಿಜ್ಞಾನವನ್ನು ಹೊರಬಲ್ಲದೆಂಬ ನಿದರ್ಶನ ಈ ನಗರದಲ್ಲಿಯೇ ದೊರೆಯಿತು. ಆಮ್ಲಜನಕ, ಜಲಜನಕ, ಸಾರಜನಕ ಎಂಬ ಮಾತುಗಳು ಕನ್ನಡದಲ್ಲಿ ಆಗಲೇ ನೆಲೆಯೂರಿವೆ. ತರಬೇತಿಯಿಂದ ಮರಳಿದ ಕನ್ನಡ ವಿದ್ಯಾರ್ಥಿನಿಯೊಬ್ಬಳು, ತಾನು ಏನನ್ನು ಅಳೆದೆ, ಎಲ್ಲಿ ತಪ್ಪಿದೆ, ಏನನ್ನು ತಿಳಿದೆ ಎಂಬುದನ್ನು ನಾಲ್ಕು ಪುಟ ಕನ್ನಡದಲ್ಲಿ ಬರೆದು ತನ್ನ ಕಾಲೇಜಿನ ಗ್ರಂಥಾಲಯದಲ್ಲಿ ಇರಿಸಿದರೆ, ಮುಂದಿನ ವರ್ಷ ಹೊರಡುವವಳಿಗೆ ಅದು ಮೊದಲ ಪಾಠವಾದೀತು. ಅಂಥ ಬರಹಗಳನ್ನು ತಿದ್ದಿ, ಪರಿಭಾಷೆಯನ್ನು ಒದಗಿಸಿ, ಕೂಡಿಡುವ ಕೆಲಸವನ್ನು ಕನ್ನಡ ವಿಭಾಗಗಳು ಕೈಗೊಳ್ಳುವುದು ಉಚಿತ.